ಬೋರಲು ಬಿದ್ದವನಿಗೆ ಹಾಡು ಕಳಿಸಿದವರಿಗೆ

ನಿನ್ನೆ ನನ್ನ ಪ್ರಿಂಟಿಂಗ್ ಅಂಗಡಿ ಬಾಗಿಲು ತೆಗೆದೆ. ಎರಡು ತಿಂಗಳಾದ ಮೇಲೆ. ಮೊದಲು ಕೈಗೆ ಬಂದದ್ದು ಒಂದು ಲಗ್ನಪತ್ರಿಕೆಯ ಪ್ರೂಫ್. ಅಕ್ಷತಾ ಸಮಯ 12-35 ಇರಬೇಕಾದಲ್ಲಿ 12-53 ಬಿದ್ದಿತ್ತು. ಎಡಗಣ್ಣು ಮುಚ್ಚಿ ನೋಡಿದೆ, ಬಲಗಣ್ಣಿಗೂ ಕಂಡಿತು! ಕೆಂಪು ಪೆನ್ನಿನಿಂದ ಸುತ್ತು ಹಾಕಿ ಸುಮ್ನೆ ಐದು ನಿಮಿಷ ಅದನ್ನೇ ನೋಡುತ್ತಾ ಕೂತೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಏಪ್ರಿಲ್ ಕೊನೆಗೆ ಬಲಗಣ್ಣಲ್ಲಿ ಮಿಂಚು ಹೊಡೆದಂತಾಗಿ ಕರಿ ಚುಕ್ಕೆಗಳು ತೇಲತೊಡಗಿದವು. ಮೊದಲು ತೋರಿಸಿದ ಕಡೆ "ವಯಸ್ಸಿಗೆ ಹಂಗೇ ರೀ" ಅಂದರು. ನಂಬಿ ನಾಲ್ಕು ದಿನ ಕಳೆದೆ. ಐದನೇ ದಿನ ಮೂಲೆಯಿಂದ ಕರಿ ಪರದೆ ಎಳೆದಂತಾಯಿತು. ಹೈದರಾಬಾದಿಗೆ ಓಡಿದೆವು. ಕಣ್ಣಿನ ಹಿಂಭಾಗದ ಪದರ, ರೆಟಿನಾ, ಕಳಚಿಕೊಂಡಿತ್ತು. ಆಪರೇಷನ್ ಮಾಡಿ ಕಣ್ಣೊಳಗೆ ಗ್ಯಾಸ್ ತುಂಬಿದರು. ಗುಳ್ಳೆ ಮೇಲಕ್ಕೇ ಏರುತ್ತದೆ ಅಲ್ವಾ, ಮುಖ ಕೆಳಗೆ ಮಾಡಿಕೊಂಡಿದ್ದರೆ ಅದು ಹಿಂದಿನ ರೆಟಿನಾವನ್ನು ಒತ್ತಿ ಹಿಡಿಯುತ್ತದೆ. ಹನ್ನೆರಡು ದಿನ ಊಟ, ಮಾತು, ನಿದ್ದೆ ಎಲ್ಲ ಬೋರಲು. ಓದುವಂತಿಲ್ಲ, ಮೊಬೈಲ್ ನೋಡುವಂತಿಲ್ಲ. ಕಲಬುರಗಿಯ ಮೇ ಬಿಸಿಲು, ಕೂಲರಿನ ಸದ್ದು, ಮುಖದ ಕೆಳಗೆ ಶಹಾಬಾದ್ ಕಲ್ಲಿನ ನೆಲ. ಆ ಕಲ್ಲಿನ ಒಂದೊಂದು ಗೆರೆಯೂ ನನಗೀಗ ಬಾಯಿಪಾಠ.

ಆಗ ಮಗಳು ನಿಮಗೆಲ್ಲ ಒಂದು ಮಾತು ಕಳಿಸಿದಳು. "ಅಪ್ಪನಿಗೆ ನಿಮ್ಮ ಇಷ್ಟದ ಒಂದು ಹಾಡು ಕಳಿಸಿ. ಓದೋಕೆ ಆಗಲ್ಲ, ಯಾವ ಹಾಡು, ಯಾವ ಕಾಲದ್ದು ಅಂತ ನಿಮ್ಮ ಬಾಯಲ್ಲೇ ಹೇಳಿ."

ಎಷ್ಟು ಬಂದವು! ಆಳಂದದ ನಿವೃತ್ತ ಮಾಸ್ತರರು 'ಕಾನಡಾ ಹೋ ವಿಠ್ಠಲು' ಕಳಿಸಿದರು. ಜ್ಞಾನೇಶ್ವರರ ಅಭಂಗ, ಹಾಡಿದ್ದು ಆಶಾ ಭೋಸ್ಲೆ. ಏಳುನೂರು ವರ್ಷದ ಹಿಂದೆಯೇ ಮರಾಠಿಯಲ್ಲಿ ವಿಠ್ಠಲನನ್ನು ಕನ್ನಡದವನು ಅಂದಿದ್ದಾರೆ ನೋಡು ಅಂತ ಮಾಸ್ತರರಿಗೆ ಭಾರೀ ಖುಷಿ. ಆಷಾಢಕ್ಕೆ ಪಂಢರಪುರಕ್ಕೆ ಹೋಗಿ ಬರುವ ನಮ್ಮವ್ವ ಕೇಳಿ, "ನಮ್ಮಾಂವ ಅನ್ನೋದು ನಮಗ ಗೊತ್ತಿಲ್ಲೇನು?" ಅಂದು ಒಳಗೆ ಹೋದಳು. ಆಮೇಲೆ ಅದನ್ನೇ ಮೂರು ಸಲ ಹಾಕಿಸಿಕೊಂಡಳು.

ಸೇಡಂನ ಗೆಳೆಯ, ಸಿಮೆಂಟ್ ಫ್ಯಾಕ್ಟರಿಯ ರಾತ್ರಿ ಪಾಳಿ ಮುಗಿಸಿ, ಘಂಟಸಾಲರ 'ಶಿವಶಂಕರೀ' ಕಳಿಸಿದ. 1961ರ ತೆಲುಗು ಹಾಡು, ದರ್ಬಾರಿ ಕಾನಡ ರಾಗ. ಆ ತಾನಗಳು ಏರುವಾಗ ನನಗೂ ತಲೆ ಎತ್ತಬೇಕು ಅನ್ನಿಸಿ, ಹೆಂಡತಿ ಹಿಂದಿನಿಂದ ತಲೆ ಒತ್ತಿದಳು. ಪ್ರೆಸ್ಸಿನ ಹುಡುಗ, ಮೊಹಮ್ಮದ್ ರಫಿ ಸಾಹೇಬರು ಕನ್ನಡದಲ್ಲಿ ಹಾಡಿದ 'ನೀನೆಲ್ಲಿ ನಡೆವೆ ದೂರ' ಹುಡುಕಿ ಕಳಿಸಿದ. ಅದು 1967ರದ್ದು. ಲತಾ ಕನ್ನಡದಲ್ಲಿ ಹಾಡಿದ 'ಬೆಳ್ಳನೆ ಬೆಳಗಾಯಿತು' ಕೂಡ ಅದೇ ವರ್ಷದ್ದು. ಕಣ್ಣು ಕಾಣದವನಿಗೆ ಬೆಳಗಾಯಿತು ಅನ್ನೋ ಹಾಡು ಯಾರು ಕಳಿಸಿದಿರೋ, ಸಿಕ್ಕರೆ ಚಾ ಕುಡಿಸುತ್ತೇನೆ. ಮಗಳದ್ದು 2022ರ 'ಪಸೂರಿ'. ಪಂಜಾಬಿ ಒಂದು ಪದ ಅರ್ಥವಾಗಲಿಲ್ಲ, ಆದರೂ ಬೋರಲು ಬಿದ್ದೇ ಕಾಲು ಕುಣಿಸಿದೆ. ರೀಮಿಕ್ಸ್ ಕಳಿಸಿದ ಒಬ್ಬರಿಗೂ ಥ್ಯಾಂಕ್ಸ್. ಪೂರ್ತಿ ಕೇಳಲಿಲ್ಲ, ಬೇಜಾರು ಮಾಡ್ಕೋಬೇಡಿ.

ಆದರೆ ನಾನು ಜಾಸ್ತಿ ಕಾದದ್ದು ಸಂಜೆ ನಾಲ್ಕು ಗಂಟೆಗೆ. ರೋಜಾ ಬಡಾವಣೆಯಲ್ಲಿ ನಮ್ಮ ಹಳೇ ಮನೆಯ ಪಕ್ಕದ ಖಾಲಾಗೆ, ಅಂದರೆ ಚಿಕ್ಕಮ್ಮನಂಥವರಿಗೆ, ಹಾಡು ಕಳಿಸೋದು ಬರಲ್ಲ. ಫೋನ್ ಮಾಡಿ, "ಆಂಖಾಂ ಬಂದ್ ರಹೇ ತೋ ಕ್ಯಾ ಹುವಾ ಬೇಟಾ, ಕಾನಾಂ ತೋ ಹೈಂ ನಾ" (ಕಣ್ಣು ಮುಚ್ಚಿದ್ದರೇನಾಯ್ತು ಮಗಾ, ಕಿವಿ ಇವೆಯಲ್ಲ) ಅಂದು, ಫೋನನ್ನು ತಮ್ಮ ಟೇಪ್ ರೆಕಾರ್ಡರ್ ಮುಂದೆ ಹಿಡಿಯುತ್ತಿದ್ದರು. ತಲತ್ ಮೆಹಮೂದ್, 'ಜಲ್ತೇ ಹೈಂ ಜಿಸ್ಕೇ ಲಿಯೇ', 1959ರ 'ಸುಜಾತಾ'. ಸಿನಿಮಾದಲ್ಲೂ ಸುನೀಲ್ ದತ್ ಅದನ್ನು ನೂತನ್‌ಗೆ ಹಾಡುವುದು ಫೋನಿನಲ್ಲೇ! ಖಾಲಾ ಅದನ್ನು ನೆನೆದು ಹಾಕಿದರೋ, ಆ ಕ್ಯಾಸೆಟ್ಟೇ ಕೈಗೆ ಸಿಕ್ಕಿತೋ, ನಾನು ಕೇಳಿಲ್ಲ. ಟೇಪಿನ ಸರ್ ಅನ್ನೋ ಸದ್ದು, ನಡುವೆ ಅವರ ಮನೆ ಕುಕ್ಕರಿನ ಸೀಟಿ. ಈಗ ಎಲ್ಲೇ ಆ ಹಾಡು ಕೇಳಿದರೂ ಆ ಜಾಗಕ್ಕೆ ಬಂದಾಗ ಸೀಟಿಗೆ ಕಾಯುತ್ತೇನೆ.

ಗ್ಯಾಸ್ ತಾನಾಗೇ ಕರಗುತ್ತಾ ಬಂತು. ಮೊದಲು ಕಣ್ಣ ತುಂಬಾ ಮಬ್ಬು. ಆಮೇಲೆ ಹೂಜಿಯ ನೀರಿನ ಹಾಗೆ ಅಲುಗಾಡುವ ಒಂದು ಗೆರೆ, ದಿನಾ ಸ್ವಲ್ಪ ಕೆಳಗೆ. ಕೊನೆಗೆ ಗುಂಡು ಗೋಲಿಯಷ್ಟು. ಒಂದು ಮುಂಜಾನೆ ಅದೂ ಇರಲಿಲ್ಲ.

ಎರಡೆರಡು ತಾಸಿಗೆ ಅಲಾರಾಂ ಇಟ್ಟು ಕಣ್ಣಿಗೆ ಹನಿ ಹಾಕಿದ ಹೆಂಡತಿಗೆ ಇಲ್ಲಿ ಥ್ಯಾಂಕ್ಸ್ ಬರೆದರೆ ಬೈಯುತ್ತಾಳೆ. ಬೈಯಲಿ. ನನ್ನ ಹೆಸರಲ್ಲಿ ಬಾಕಿ ಉಳಿದ ಕಾರ್ಡುಗಳನ್ನು ಬೇರೆ ಪ್ರೆಸ್ಸಿನಲ್ಲಿ ಹಾಕಿಸಿ ರೊಕ್ಕ ಮಾತ್ರ ನನಗೆ ತಂದು ಕೊಟ್ಟ ಅಂಗಡಿ ಗೆಳೆಯರಿಗೆ ಹೇಗೆ ಹೇಳಬೇಕೋ ನನಗೆ ತಿಳಿಯುತ್ತಿಲ್ಲ.

ಖಾಲಾ ಇದನ್ನು ಓದುವುದಿಲ್ಲ. ಕನ್ನಡ ಮಾತಾಡುತ್ತಾರೆ, ಅಕ್ಷರ ಬರಲ್ಲ. ಇವತ್ತು ನಾಲ್ಕಕ್ಕೆ ನಾನೇ ಫೋನ್ ಮಾಡಿ ಓದಿ ಹೇಳುತ್ತೇನೆ.