ಮೊದಲು ಪಾದ, ಆಮೇಲೆ ಫಿರಂಗಿ

ಪ್ರಿಯ ಗೆಳೆಯಾ,

ನಿನ್ನ ಕಾದಂಬರಿಯ ಯುದ್ಧರೋಬೋ ಚಿತ್ರಗಳು ಬಂದವು. 17 ಮೀಟರ್ ಎತ್ತರ, ಎದೆಯೊಳಗೆ ಪೈಲಟ್, ಬೇಕೆಂದಾಗ ಬದಲಿಸುವ ತೋಳುಗಳು. ಫಿರಂಗಿಗಳ ಮೇಲೆ ಎಷ್ಟು ಶ್ರಮ ಹಾಕಿದ್ದೀಯ ಅನ್ನುವುದು ಕಾಣುತ್ತದೆ. ಆದರೆ ಪಾದ ತೀರಾ ಚಿಕ್ಕದು. ಅಲ್ಲಿಂದಲೇ ಮತ್ತೆ ಶುರು ಮಾಡು.

70 ಕೆಜಿ ತೂಕದ, 1.7 ಮೀಟರ್ ಎತ್ತರದ ಮನುಷ್ಯನನ್ನು ಹತ್ತು ಪಟ್ಟು ಹಿಗ್ಗಿಸಿದರೆ ಅಂಗಾಲಿನ ವಿಸ್ತೀರ್ಣ ನೂರು ಪಟ್ಟಾಗುತ್ತದೆ, ತೂಕ ಮಾತ್ರ ಸಾವಿರ ಪಟ್ಟು: 70 ಟನ್. ಒಂದು ಅಂಗಾಲು ಹೆಚ್ಚೆಂದರೆ 2 ಚದರ ಮೀಟರ್. ಹೆಜ್ಜೆ ಎತ್ತಿದಾಗ ಇಡೀ ಭಾರ ಒಂದೇ ಕಾಲಿಗೆ ಬಂದು, ಚದರ ಸೆಂಟಿಮೀಟರಿಗೆ 3.5 ಕೆಜಿ ಒತ್ತುತ್ತದೆ. ಯುದ್ಧ ಟ್ಯಾಂಕುಗಳದ್ದು 1 ಕೆಜಿಯ ಆಸುಪಾಸು. ಮಳೆ ಬಿದ್ದ ಎರೆಹೊಲದಲ್ಲಿ ನಿನ್ನ ರೋಬೋ ಹೂತುಹೋಗುತ್ತದೆ. ಪ್ರತಿ ಪಾದವನ್ನು 2 ಮೀಟರ್ ಅಗಲ, 3.5 ಮೀಟರ್ ಉದ್ದ ಮಾಡು, ಇಲ್ಲವೇ ತೂಕ ಇಳಿಸು. ಜಪಾನಿನ ಯೊಕೊಹಾಮಾದಲ್ಲಿ 2024ರವರೆಗೆ ಕೈಕಾಲು ಆಡಿಸುತ್ತಿದ್ದ 18 ಮೀಟರಿನ ಗಂಡಂ (ಅನಿಮೇಷನ್ ಸರಣಿಯ ರೋಬೋದ ಪ್ರತಿಕೃತಿ) ಬರೀ 25 ಟನ್ ಇತ್ತು. ಅದಕ್ಕೂ ಸೊಂಟದ ಹಿಂದೆ ಆಧಾರ ಕೊಟ್ಟಿದ್ದರು.

ಪೈಲಟ್‌ನನ್ನು ಎದೆಯಿಂದ ಸೊಂಟಕ್ಕೆ ಇಳಿಸು. ರೋಬೋ ಮರ ಉರುಳಿದಂತೆ ಬಿದ್ದರೆ, 12 ಮೀಟರ್ ಎತ್ತರದಲ್ಲಿ ಕೂತವನು ಗಂಟೆಗೆ ಸುಮಾರು 57 ಕಿ.ಮೀ. ವೇಗದಲ್ಲಿ ನೆಲಕ್ಕೆ ಬಡಿಯುತ್ತಾನೆ. 8 ಮೀಟರಿನಲ್ಲಿದ್ದರೆ 38.

ಇನ್ನು ಬಿಡಿಭಾಗ ಬದಲಿಸುವ ವಿಷಯ. ಇದಕ್ಕೆ ಟ್ರ್ಯಾಕ್ಟರಿನ ಹಿಂಬದಿಗಿಂತ ಒಳ್ಳೆಯ ಪಾಠ ಇಲ್ಲ. ಉಪಕರಣ ಹಿಡಿಯಲು ಮೂರು ಪಿನ್ನು, ಎಂಜಿನ್ನಿನ ಶಕ್ತಿಯನ್ನು ಉಪಕರಣಕ್ಕೆ ಕೊಡಲು ನಿಮಿಷಕ್ಕೆ 540 ಸುತ್ತು ತಿರುಗುವ ಒಂದು ಪಿಟಿಒ ಶಾಫ್ಟ್, ಹೈಡ್ರಾಲಿಕ್ (ಎಣ್ಣೆಯ ಒತ್ತಡದ) ಪೈಪನ್ನು ಒತ್ತಿ ಜೋಡಿಸಲು ಕಪ್ಲರ್. ಅಷ್ಟೇ. ನೇಗಿಲು ಬಿಚ್ಚಿ ರೋಟವೇಟರ್ ಹಾಕು, ಯಾವ ಕಂಪನಿಯದಾದರೂ ಕೂರುತ್ತದೆ. ನಿನ್ನ ರೋಬೋಗೂ ಹೀಗೇ ಒಂದೇ ಬಗೆಯ ಕೂಡುಬಾಯಿ ಇರಲಿ: ಭಾರ ಹೊರುವ ಉಂಗುರ, ವಿದ್ಯುತ್, ಹೈಡ್ರಾಲಿಕ್ ಎಣ್ಣೆ, ತಂಪು ನೀರು, ಡೇಟಾ. ಭುಜಕ್ಕೆ 4 ಟನ್, ಬೆನ್ನಿಗೆ 6 ಟನ್ ಅಂತ ಮಿತಿ ಬರೆದಿಡು. ಕೆಡುವುದೂ ಅಲ್ಲೇ. ಕಪ್ಲರ್ ಬಾಯಿಗೆ ಮರಳು ಸೇರಿದರೆ ಸೀಲ್ ಹರಿದು ಎಣ್ಣೆ ಸೋರುತ್ತದೆ. ಕಳಚಿಟ್ಟ ತೋಳು ಬಿಸಿಲಿಗೆ ಕಾದರೆ ಒಳಗಿನ ಎಣ್ಣೆ ಹಿಗ್ಗಿ, ಎಷ್ಟು ಒತ್ತಿದರೂ ಕಪ್ಲರ್ ಕೂರುವುದಿಲ್ಲ. ಮೊದಲು ವಾಲ್ವ್ ತೆರೆದು ಒತ್ತಡ ಬಿಡಬೇಕು. ಶತ್ರು ಹತ್ತಿರ ಬರುತ್ತಿರುವಾಗ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಆ ವಾಲ್ವ್ ಹುಡುಕುವ ದೃಶ್ಯ ಬರೆ, ಓದುಗ ನಿನ್ನ ಯಂತ್ರವನ್ನು ನಂಬುತ್ತಾನೆ.

ಬಲಗೈಗೆ, ನಡುಗೆರೆಯಿಂದ 5 ಮೀಟರ್ ಆಚೆ 4 ಟನ್ ಫಿರಂಗಿ ಕಟ್ಟಿದರೆ ರೋಬೋದ ಭಾರಕೇಂದ್ರ ಸುಮಾರು 27 ಸೆಂ.ಮೀ. ಬಲಕ್ಕೆ ಸರಿಯುತ್ತದೆ. ಎಡಗೈಗೆ ಗುರಾಣಿಯನ್ನೋ ಬ್ಯಾಟರಿಯನ್ನೋ ಕೊಟ್ಟು ಸರಿದೂಗಿಸು. ಮದ್ದುಗುಂಡು ಮಾತ್ರ ಬೆನ್ನಿನ ನಡುವೆಯೇ ಇರಲಿ, ಖಾಲಿಯಾಗುತ್ತ ಹೋದರೂ ರೋಬೋ ಪಕ್ಕಕ್ಕೆ ವಾಲುವುದಿಲ್ಲ.

ಶಾಖವನ್ನು ಮರೆತೇಬಿಟ್ಟಿದ್ದೀಯ. ಎಂಜಿನ್ನು, ಆಯುಧ ಸೇರಿ 1 ಮೆಗಾವಾಟ್ ಶಾಖ ಹೊರಬರುತ್ತದೆ ಅಂದುಕೋ. ಒಂದು ಟನ್ ನೀರು 30 ಡಿಗ್ರಿಯಿಂದ 90ಕ್ಕೆ ಏರಲು ಹಿಡಿಯುವುದು ನಾಲ್ಕು ನಿಮಿಷ. ಅದೇ ನೀರನ್ನು ಕುದಿಸಿ ಆವಿಯಾಗಿ ಬಿಟ್ಟರೆ ಇನ್ನೂ ಅರ್ಧ ಗಂಟೆಗೂ ಹೆಚ್ಚು ಸಿಗುತ್ತದೆ, ಆದರೆ ಮೈಲಿ ದೂರದಿಂದ ಬಿಳಿ ಹಬೆ ಕಾಣುತ್ತದೆ. ಬೆನ್ನಿನ 6 ಟನ್ನಿನಲ್ಲಿ ನೀರೆಷ್ಟು, ಗುಂಡೆಷ್ಟು ಅನ್ನುವುದನ್ನು ನಿನ್ನ ಪೈಲಟ್ ಪ್ರತಿ ಸಲ ಹೊರಡುವ ಮುಂಚೆ ತೀರ್ಮಾನಿಸಲಿ.

ಪಾದದ ಹೊಸ ಚಿತ್ರ, ಜೊತೆಗೆ ತೂಕದ ಪಟ್ಟಿ ಕಳಿಸು. ಫಿರಂಗಿ ಆಮೇಲೆ ನೋಡೋಣ.

ನಿನ್ನ ಗೆಳೆಯ