ಪ್ರಶ್ನೋತ್ತರ ಅಂಕಣ ಹಿಡಿದಿರುವ ತಮ್ಮನಿಗೆ

ಬೆಟಗೇರಿ

ಪ್ರಿಯ ತಮ್ಮಾ, ಕರ್ತನಲ್ಲಿ ವಂದನೆಗಳು.

ಸಭೆಯ ಮಾಸಪತ್ರಿಕೆಯ ಪ್ರಶ್ನೋತ್ತರ ಇನ್ನು ನಿನ್ನ ಪಾಲಿಗೆ ಬಂತೆಂದು ಧಾರವಾಡದಿಂದ ಬಂದವರು ಹೇಳಿದರು. ನೀನು ಕಳಿಸಿದ ಉತ್ತರಗಳನ್ನು ಓದಿದೆ. ಚೆನ್ನಾಗಿ ಓದಿಕೊಂಡಿದ್ದೀ, ಕನ್ನಡವೂ ಚೊಕ್ಕ. ಆದರೆ ಆದಾಮನ ಮಗ ಕಾಯಿನನಿಗೆ ಹೆಂಡತಿ ಎಲ್ಲಿಂದ ಬಂದಳು ಎಂಬುದಕ್ಕೆ ಎರಡು ಪುಟ ಯಾಕಪ್ಪಾ? ಆ ಪ್ರಶ್ನೆ ಕೇಳುವವರು ಸಭಾಪಾಲಕರನ್ನು ಸಿಕ್ಕಿಸಿ ನೋಡುವ ಕಾಲೇಜು ಹುಡುಗರು, ಇಲ್ಲವೆ ಆ ಹುಡುಗರ ಕೈಗೆ ಸಿಕ್ಕಿಬಿದ್ದ ಸಂಡೇ ಸ್ಕೂಲ್ ಟೀಚರು. ಆದಾಮನಿಗೆ ಬೇರೆ ಗಂಡು ಹೆಣ್ಣುಮಕ್ಕಳೂ ಹುಟ್ಟಿದರೆಂದು ಆದಿಕಾಂಡ 5:4ರಲ್ಲಿದೆ. ಅವರಲ್ಲೊಬ್ಬಳು ಎಂಬುದು ಹಿಂದಿನವರ ಉತ್ತರ. ಸತ್ಯವೇದ ಅವಳ ಹೆಸರು ಹೇಳಿಲ್ಲ. ಇಷ್ಟು ಬರೆದು ಪೆನ್ನು ಕೆಳಗಿಡು.

ಪ್ರಕಟಣೆ ಗ್ರಂಥದಲ್ಲಿ ಬರುವ ಮೃಗದ ಸಂಖ್ಯೆ 666ರದ್ದೂ ಅದೇ ಕಥೆ. ಆಧಾರ್ ಕಾರ್ಡು ಬಂದಾಗ ಹುಬ್ಬಳ್ಳಿಯಿಂದ ಕಾಗದ ಬಂದವು, ಮೃಗದ ಗುರುತು ಇದೇ ಏನ್ರಿ ಅಂತ. ಲೋಕಾಂತ್ಯದ ಆ ದಿನ ಮಗನಿಗೂ ಗೊತ್ತಿಲ್ಲ, ತಂದೆಗೆ ಮಾತ್ರ ಗೊತ್ತು ಎನ್ನುತ್ತದೆ ಮಾರ್ಕ 13:32. ಅದರ ಮುಂದೆ ನಿನ್ನ ಲೆಕ್ಕ ಸೇರಿಸಲು ಹೋಗಬೇಡ.

ನಿನ್ನ ಶಾಯಿ ಖರ್ಚಾಗಬೇಕಾದದ್ದು ಬೇರೆ ಕಡೆ. ಗಣೇಶ ಚವತಿ ಮುಗಿಯಿತೆಂದರೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಬಾಜೂ ಮನಿಯವ್ರು ಕಡಬು ಕೊಟ್ಟಾರ್ರಿ, ತಿಂದ್ರ ಪಾಪ ಆಗತದೇನ್ರಿ?" ಇದಕ್ಕೆ 1 ಕೊರಿಂಥದವರಿಗೆ 8 ಮತ್ತು 10ನೆಯ ಅಧ್ಯಾಯ ತೆಗೆಯಬೇಕು. ವಿಗ್ರಹ ಏನೂ ಅಲ್ಲ ಎಂದು ಆ ಕಾಗದ ಬರೆದ ಪೌಲನೇ ಹೇಳುತ್ತಾನೆ. ಆದರೆ ನನ್ನ ಊಟದಿಂದ ಸಹೋದರ ಎಡವುವುದಾದರೆ ನಾನು ಮಾಂಸವನ್ನೇ ಮುಟ್ಟುವುದಿಲ್ಲ ಎಂದೂ ಅನ್ನುತ್ತಾನೆ. ಕರೆದವರ ಮನೆಗೆ ಹೋದರೆ ಬಡಿಸಿದ್ದನ್ನು ವಿಚಾರಣೆ ಮಾಡದೆ ಉಣ್ಣು. ಇದು ವಿಗ್ರಹಕ್ಕೆ ಅರ್ಪಿಸಿದ್ದು ಎಂದು ಯಾರಾದರೂ ಹೇಳಿದರೆ, ಹೇಳಿದವನ ಸಲುವಾಗಿ ಬಿಡು. ಅದೇ ಹತ್ತರಲ್ಲಿ, ಕರ್ತನ ಪಂಕ್ತಿಯಲ್ಲೂ ದೆವ್ವಗಳ ಪಂಕ್ತಿಯಲ್ಲೂ ಕೂಡಬೇಡಿ ಎಂಬ ಬಿಗಿ ಮಾತೂ ಇದೆ. ಒಂದು ವಚನ ಕಿತ್ತುಕೊಂಡು 'ತಿನ್ನು' ಅನ್ನಬಹುದು, ಇನ್ನೊಂದು ಕಿತ್ತುಕೊಂಡು 'ಚೆಲ್ಲು' ಅನ್ನಬಹುದು. ಎರಡೂ ಕಡೆಯವರು ನಿನ್ನ ಮೇಲೆ ಏರಿಬರುತ್ತಾರೆ, ಬರಲಿ. ವಚನಕ್ಕೆ ನಂಬರು ಹಾಕಿದವನು ಪೌಲನಲ್ಲ. ಹೊಸ ಒಡಂಬಡಿಕೆಗೆ ಈಗಿನ ವಚನಸಂಖ್ಯೆ ಕೊಟ್ಟವನು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ, 1551ರಲ್ಲಿ. ಪೌಲ ಬರೆದದ್ದು ಕಾಗದ. ಎಂಟರಿಂದ ಹತ್ತರ ಕೊನೆಯವರೆಗೆ ಒಂದೇ ಸಲಕ್ಕೆ ಕೂತು ಓದು, ಆಮೇಲೆ ಬರೆ.

ಬರೆಯುವ ಮೊದಲು ಕೇಳಿದವರು ಯಾರೆಂದು ವಿಚಾರಿಸು. ನಿನ್ನೆ ಮೊನ್ನೆ ದೀಕ್ಷಾಸ್ನಾನ ಆಗಿ, ತವರಿನ ಪೂಜೆ ಇನ್ನೂ ಕನಸಿಗೆ ಬರುವ ಸೊಸೆಯೋ? ತನ್ನ ಮಗಳ ಹೆರಿಗೆಗೆ ರಾತ್ರೋರಾತ್ರಿ ಓಡಿಬಂದ ನೆರೆಯವಳ ತಾಟನ್ನು ಹೆಂಗ ತಿರುಗಿಸಿ ಕೊಡಲಿ ಎಂದು ಒದ್ದಾಡುವ ಅಜ್ಜಿಯೋ? ಇಬ್ಬರಿಗೂ ಒಂದೇ ಉತ್ತರ ಕೊಟ್ಟರೆ ಒಬ್ಬಳಿಗೆ ಅನ್ಯಾಯ ಆಗುತ್ತದೆ. ಇನ್ನೊಂದು: ಆ ಬಾಜೂ ಮನಿಯವರೂ ನಮ್ಮ ಪತ್ರಿಕೆ ತಿರುವಿ ಹಾಕುತ್ತಾರೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ ಬಂದರು. ಅಂದಿನಿಂದ ನಾವು ಇವರ ಓಣಿಯಲ್ಲೇ ಬಾಳಿದ್ದೇವೆ. ಅವರ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಲಾಗದ ವಾಕ್ಯ ನಿನ್ನ ಕೈಯಿಂದ ಬರಬಾರದು.

ಕೆಲವು ಪ್ರಶ್ನೆ ಅಚ್ಚಿಗೆ ಹೋಗುವಂಥವಲ್ಲ. ಹಾವೇರಿ ಕಡೆಯಿಂದ ಒಂದು ಇನ್‌ಲ್ಯಾಂಡ್ ಬಂದಿತ್ತು. ತಾವಾಗಿ ಜೀವ ಕಳಕೊಂಡವರಿಗೆ ಪರಲೋಕ ಇದೆಯೋ ಇಲ್ಲವೋ, 'ಇಲ್ಲೊಬ್ಬರು ಕೇಳ್ಯಾರ' ಎಂದಿತ್ತು. ಅಕ್ಷರ ಯಾರದೋ ಶಾಲೆಯ ಹುಡುಗನದು, ಕೆಳಗೆ ಹೆಬ್ಬೆಟ್ಟು. ಆ ಊರಿನ ಸಭಾಪಾಲಕರನ್ನು ವಿಚಾರಿಸಿದಾಗ ಗೊತ್ತಾಯಿತು: ಮಗನನ್ನು ಸಾಲದ ವರ್ಷದಲ್ಲಿ ಕಳಕೊಂಡ ತಾಯಿ. ಅಂಕಣಕ್ಕೆ ಹಾಕದೆ ನಾನೇ ಹೋದೆ. 1 ಸಮುವೇಲ 31 ಓದಿದೆ. ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸತ್ತ ಅರಸ ಸೌಲನ ಕೊನೆಯ ಸುದ್ದಿ ಕೇಳಿ ಯಾಬೇಷ್ ಗಿಲ್ಯಾದಿನವರು ರಾತ್ರಿಯಿಡೀ ನಡೆದು ಅವನ ಶವ ತಂದರು, ಎಲುಬುಗಳನ್ನು ಮರದ ಕೆಳಗೆ ಹೂಳಿ ಏಳು ದಿನ ಉಪವಾಸ ಇದ್ದರು. ತಾನೇ ಜೀವ ಕಳಕೊಂಡ ಅಹೀತೋಫೆಲನನ್ನೂ ಅವನ ತಂದೆಯ ಸಮಾಧಿಯಲ್ಲೇ ಇಟ್ಟರು. ಮುಂದೆ ದೇವರು ಅವರಿಗೆ ಏನು ಮಾಡಿದನೆಂದು ಅಲ್ಲಿ ಬರೆದಿಲ್ಲ, ನಾನೂ ಹೇಳಲಿಲ್ಲ. "ಅವಂಗಾಗಿ ಏಳು ದಿನ ಉಪಾಸ ಇದ್ದರೇನ್ರಿ?" ಎಂದು ಆಕೆ ಮತ್ತೆ ಮತ್ತೆ ಕೇಳಿದಳು. ಇದ್ದರವ್ವಾ, ಎಂದೆ.

ಬರುವ ಸಂಚಿಕೆಗೆ, ಯೇಸುವನ್ನು ಹಿಡಿದುಕೊಟ್ಟ ಯೂದನ ಸಾವಿನ ಪ್ರಶ್ನೆ ಇಟ್ಟುಕೊಂಡಿದ್ದೀಯಂತೆ. ನೇಣು ಹಾಕಿಕೊಂಡನೆಂದು ಮತ್ತಾಯ 27 ಹೇಳುತ್ತದೆ, ಬಿದ್ದು ಹೊಟ್ಟೆ ಒಡೆದು ಸತ್ತನೆಂದು ಅಪೊಸ್ತಲರ ಕೃತ್ಯಗಳು 1:18. ಎರಡನ್ನೂ ಹೊಂದಿಸುವ ವಿವರಣೆ ಹಿಂದಿನಿಂದ ಇದೆ. ಕೊಡು, ಆದರೆ ಅದು ನಾವು ಹೊಂದಿಸಿದ್ದು, ಗ್ರಂಥದಲ್ಲಿ ಬರೆದದ್ದಲ್ಲ ಎಂಬುದನ್ನೂ ಕೊಡು. ಅವನು ಪಶ್ಚಾತ್ತಾಪಪಟ್ಟು ಮೂವತ್ತು ಬೆಳ್ಳಿನಾಣ್ಯ ಹಿಂದಕ್ಕೆ ತಂದದ್ದನ್ನು ಮತ್ತಾಯನೊಬ್ಬನೇ ಬರೆದಿದ್ದಾನೆ, ಅದನ್ನು ಬಿಡಬೇಡ. ಹಾವೇರಿಯ ಆ ತಾಯಿ ಈಗಲೂ ಪತ್ರಿಕೆ ತರಿಸಿ ಓದಿಸಿಕೊಳ್ಳುತ್ತಾಳೆ. ಪ್ರೆಸ್ಸಿಗೆ ಕೊಡುವ ಮೊದಲು ಕರಡನ್ನು ನನಗೆ ಕಳಿಸು, ಕಾಗದದ ಮೇಲೆ. ಮೊಬೈಲಿನಲ್ಲಿ ಓದಲು ನನ್ನ ಕಣ್ಣು ಒಪ್ಪುವುದಿಲ್ಲ.

ನಿನ್ನ ಅಣ್ಣ