ಸೆಟ್ ಬೇಡ ಪುಟ್ಟಿ, ಒಂದು ಬಾಂಡ್ಲಿ ತಗೋ

ಮಂಡ್ಯ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ನೀನು ಕಳಿಸಿದ ಸ್ಟೀಲ್ ಪಾತ್ರೆ ಸೆಟ್ಟಿನ ಫೋಟೋ ನೋಡಿದೆ. ಏಳು ಪಾತ್ರೆ, ಅದಕ್ಕೆ ಮುಚ್ಚಳಗಳು, ಬೆಲೆ 48,000 ರೂಪಾಯಿ, ಬೇಕಿದ್ದರೆ ಕಂತು. ಅಳಿಯಂದಿರು ನಿನ್ನಿಷ್ಟ ಅಂದರಂತೆ, ತಗೊಳ್ಳಲಾ ಅಂತ ನೀನು ನನ್ನನ್ನು ಕೇಳಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಸೆಟ್ ತಗೋಬೇಡ. ಹಾಗಂತ ಒಳ್ಳೆಯ ಸ್ಟೀಲಿಗೆ ದುಡ್ಡು ಕೊಡುವುದೇ ದಂಡ ಅಂತಲೂ ನಾನು ಹೇಳುವುದಿಲ್ಲ. ಒಂದೇ ಒಂದು ಟ್ರೈಪ್ಲೈ, ಅಂದರೆ ಮೂರು ಪದರದ, ಬಾಂಡ್ಲಿ ತಗೋ, ಅದನ್ನು ಚೆನ್ನಾಗಿರುವುದನ್ನೇ ತಗೋ.

ಮುಂದಿನ ಸಲ ಉಪ್ಪಿಟ್ಟು ಮಾಡಿದಾಗ ನಿನ್ನ ಈಗಿನ ತೆಳು ಬಾಂಡ್ಲಿಯ ತಳ ನೋಡು. ಸೀದ ಕಲೆ ತಳದ ತುಂಬ ಇರುವುದಿಲ್ಲ. ದುಂಡಗೆ ಒಂದು ಕಪ್ಪು ಸುತ್ತು ಇರುತ್ತದೆ, ಬರ್ನರಿನ ಉರಿ ಎಲ್ಲೆಲ್ಲಿ ತಾಕಿತೋ ಸರಿಯಾಗಿ ಅಲ್ಲಲ್ಲೇ. ಆ ಸುತ್ತಿನಲ್ಲಿ ರವೆ ಕರಕಲಾಗಿರುತ್ತದೆ, ಅಂಚಿನಲ್ಲಿ ಇನ್ನೂ ಸರಿಯಾಗಿ ಬೆಂದೇ ಇರುವುದಿಲ್ಲ. ಅದು ನಿನ್ನ ಕೈಯ ತಪ್ಪಲ್ಲ ಮಗಳೇ. ಸ್ಟೀಲಿಗೆ ಶಾಖ ಹರಡುವ ಗುಣ ಕಡಿಮೆ. ಬಿದ್ದ ಜಾಗದಲ್ಲೇ ಬಿಸಿ ನಿಂತುಬಿಡುತ್ತದೆ. ಅಲ್ಯೂಮಿನಿಯಂ ಸ್ಟೀಲಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಚೆನ್ನಾಗಿ ಶಾಖ ಹರಡುತ್ತದೆ, ತಾಮ್ರ ಇನ್ನೂ ಜಾಸ್ತಿ. ಆದರೆ ಬರೀ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆಹಣ್ಣಿನ ಗೊಜ್ಜು ಕುದಿಸಿದರೆ ಹುಳಿ ಲೋಹವನ್ನು ತಿನ್ನುತ್ತದೆ. ತಾಮ್ರ, ಹಿತ್ತಾಳೆ ಅಂದರೆ ಆಗಾಗ ಕಲಾಯಿ ಹಾಕಿಸಬೇಕು, ಈಗ ಕಲಾಯಿಯವರನ್ನು ಎಲ್ಲಿ ಹುಡುಕಿಕೊಂಡು ಹೋಗುತ್ತೀಯ?

ಟ್ರೈಪ್ಲೈ ಅಂದರೆ ಇಷ್ಟೇ. ಅಡುಗೆ ತಾಕುವ ಕಡೆ ಸ್ಟೀಲು, ನಡುವೆ ಅಲ್ಯೂಮಿನಿಯಂ, ಹೊರಗೆ ಮತ್ತೆ ಸ್ಟೀಲು. ಹೊರಗಿನ ಪದರ ಅಯಸ್ಕಾಂತ ಹಿಡಿಯುವ ಜಾತಿಯದು, ಇಂಡಕ್ಷನ್ ಒಲೆಗೂ ಆಗಲಿ ಅಂತ. ನಡುವಿನ ಅಲ್ಯೂಮಿನಿಯಂ ಶಾಖವನ್ನು ತಳದಿಂದ ಅಂಚಿನವರೆಗೂ ಹಂಚುತ್ತದೆ, ಹುಳಿ ಅದನ್ನು ಮುಟ್ಟುವುದೇ ಇಲ್ಲ. ನೀನು ಜಾಸ್ತಿ ದುಡ್ಡು ಕೊಡುವುದು ಆ ನಡುವಿನ ಪದರಕ್ಕೆ. ಮಿಕ್ಕ ಹೊಳಪು, ಡಬ್ಬ, ಹಿಡಿಯ ವಿನ್ಯಾಸ ಎಲ್ಲ ಆಮೇಲಿನ ಮಾತು.

ಈಗ ನಮ್ಮ ಅಡುಗೆ ಯೋಚನೆ ಮಾಡು. ಬಸ್ಸಾರಿಗೆ ಸೊಪ್ಪು, ಕಾಳು ಬೇಯಿಸುತ್ತೀಯ, ತುಂಬ ನೀರಲ್ಲಿ. ಸಾರು ನೀರು. ಮೊಸಪ್ಪಿಗೆ ಬೇಳೆ, ಸೊಪ್ಪು ಕುಕ್ಕರಿನಲ್ಲಿ ಬೇಯುತ್ತದೆ. ಅನ್ನವೂ ಅಷ್ಟೇ. ನೀರಿರುವ ಪಾತ್ರೆಯಲ್ಲಿ ನೀರೇ ಸುತ್ತಾಡಿ ಶಾಖವನ್ನು ಹಂಚಿಬಿಡುತ್ತದೆ, ತಳ ದಪ್ಪವಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಂಥ ಅಡುಗೆಗೆ ಮೂರು ಪದರದ ಪಾತ್ರೆ ತಗೊಂಡರೆ ಸುಮ್ನೆ ದುಡ್ಡು ಸುರಿದ ಹಾಗೆ. ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ತೂಗಿ ಕೊಡುವ ಮಾಮೂಲಿ ಸ್ಟೀಲ್ ಪಾತ್ರೆ ಸಾಕು, ನಿನ್ನ ಮದುವೆಗೆ ಬಂದಿರುವುದೇ ಅಟ್ಟದ ಮೇಲಿದೆ ಅಲ್ವಾ, ಹೆಸರು ಹಾಕಿಸಿ ಕೊಟ್ಟಿದ್ದು, ಇಳಿಸಿಕೊಂಡು ಬಳಸು.

ದಪ್ಪ ತಳ ಬೇಕಾಗುವುದು ನೀರು ಕಡಿಮೆ ಇರುವ ಕಡೆ. ಪಲ್ಯ, ಉಪ್ಪಿಟ್ಟು, ಗೊಜ್ಜು, ಈರುಳ್ಳಿ ಹುರಿಯುವುದು, ಪುಳಿಯೋಗರೆ ಗೊಜ್ಜು ಎಣ್ಣೆ ಬಿಡುವವರೆಗೂ ಕುದಿಸುವುದು, ಕ್ಯಾರೆಟ್ ಹಲ್ವ. ಇದೆಲ್ಲ ಒಂದೇ ಬಾಂಡ್ಲಿಯಲ್ಲಿ ಆಗುತ್ತದೆ. ನಿಮ್ಮಿಬ್ಬರಿಗೆ, ಯಾರಾದರೂ ಬಂದರೆ ನಾಲ್ಕು ಜನಕ್ಕೆ, 24 ಸೆಂಟಿಮೀಟರ್ ಅಗಲದ್ದು ಸರಿ. ಎರಡು ಮೂರು ಸಾವಿರದೊಳಗೆ ಒಳ್ಳೆಯದೇ ಬರುತ್ತದೆ. ಆಮೇಲೆ ಬೇಕೆನಿಸಿದರೆ ಹಾಲು ಕಾಯಿಸಲು, ಪಾಯಸಕ್ಕೆ ಒಂದು ದಪ್ಪ ತಳದ ಪಾತ್ರೆ. ಅಷ್ಟೇ. ಮುದ್ದೆಗೆ ಅಳಿಯಂದಿರ ಅಮ್ಮ ಕೊಟ್ಟಿರುವ ದಪ್ಪ ಪಾತ್ರೆಯೇ ಇರಲಿ. ಕೋಲು ಹಾಕಿ ತಿರುವುವಾಗ ಪಾತ್ರೆ ಅಲ್ಲಾಡಬಾರದು, ಭಾರ ಇರಬೇಕು, ಬಗ್ಗಿ ಇಕ್ಕಳದಲ್ಲಿ ಒತ್ತಿ ಹಿಡಿದರೆ ತಡೆದುಕೊಳ್ಳಬೇಕು. ಹೊಸ ಹೊಳೆಯುವ ಪಾತ್ರೆ ಅಲ್ಲಿ ಏನೂ ಹೆಚ್ಚು ಮಾಡುವುದಿಲ್ಲ. ದೋಸೆಗೆ ಸ್ಟೀಲ್ ಬೇಡವೇ ಬೇಡ, ಕಬ್ಬಿಣದ ಕಾವಲಿಯೇ.

ನಿಮ್ಮ ಅಪಾರ್ಟ್‌ಮೆಂಟಿಗೆ ಬಂದು ಡೆಮೊ ಕೊಟ್ಟವರು ಬೇರೆ ಬೇರೆ ಪಾತ್ರೆಯಲ್ಲಿ ಅಡುಗೆ ಸೋಡಾ ಹಾಕಿ ನೀರು ಕುದಿಸಿ ರುಚಿ ನೋಡಿಸಿದರು, ನಿಮ್ಮ ಪಾತ್ರೆಯ ನೀರು ಕಹಿ, ನಮ್ಮದು ಕಹಿ ಇಲ್ಲ ಅಂದರು ಅಂತ ಬರೆದಿದ್ದೀಯ. ಇದನ್ನು ಓದಿ ನನಗೆ ಬೇಜಾರಾಯಿತು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ಸೋಡಾ ಕುದಿದರೆ ಇನ್ನೂ ತೀಕ್ಷ್ಣವಾದ ಕ್ಷಾರ ಆಗುತ್ತದೆ, ಅದಕ್ಕೆ ತನ್ನದೇ ಕಹಿ, ಸೋಪಿನಂಥ ರುಚಿ ಇದೆ. ಎಷ್ಟು ಸೋಡಾ, ಎಷ್ಟು ನೀರು, ಎಷ್ಟು ಹೊತ್ತು ಅನ್ನುವುದರ ಮೇಲೆ ರುಚಿ ಬದಲಾಗುತ್ತದೆ. ಅಲ್ಯೂಮಿನಿಯಂ ಆದರೆ ಕ್ಷಾರಕ್ಕೆ ಕರಗುತ್ತದೆ ನಿಜ, ಆದರೆ ಸೋಡಾ ನೀರನ್ನು ಕುದಿಸಿ ಕುಡಿಯುವ ಮನೆ ಯಾವುದು? ಮಾಮೂಲಿ ಸ್ಟೀಲ್ ಪಾತ್ರೆಯ ಬಗ್ಗೆ ಹೆದರಿಸಿ ಹೊಸದಾಗಿ ಸಂಸಾರ ಹೂಡಿದ ಹುಡುಗಿಯರಿಂದ ಕಂತು ಕಟ್ಟಿಸಿಕೊಳ್ಳುವುದು ಸರಿಯಲ್ಲ.

"ಸರ್ಜಿಕಲ್ ಸ್ಟೀಲ್" ಅನ್ನುವ ಮಾತೂ ಹಾಗೇ, ಮಾರುವುದಕ್ಕೆ ಹೇಳುವ ದೊಡ್ಡ ಹೆಸರು. ಸಾಮಾನ್ಯವಾಗಿ ಒಳ್ಳೆಯ ಪಾತ್ರೆಗೆ ಹಾಕುವುದು 304 ಅನ್ನುವ ಸ್ಟೀಲು. 18/8, 18/10 ಅಂತ ಬರೆದಿರುತ್ತಾರೆ, ಅಂದರೆ ನೂರಕ್ಕೆ 18 ಭಾಗ ಕ್ರೋಮಿಯಂ, 8 ಅಥವಾ 10 ಭಾಗ ನಿಕ್ಕಲ್. ಕ್ರೋಮಿಯಂ ಗಾಳಿಯ ಜೊತೆ ಸೇರಿ ಮೇಲೆ ಕಣ್ಣಿಗೆ ಕಾಣದ ತೆಳು ಪದರ ಕಟ್ಟುತ್ತದೆ, ಗೀರಿದರೂ ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ, ತುಕ್ಕು ಹಿಡಿಯದಿರುವುದು ಅದರಿಂದ. 316 ಅನ್ನುವುದರಲ್ಲಿ ಮಾಲಿಬ್ಡಿನಂ ಸೇರಿರುತ್ತದೆ, ಉಪ್ಪಿಗೆ ಇನ್ನೂ ಚೆನ್ನಾಗಿ ತಡೆಯುತ್ತದೆ. ನಮ್ಮ ಸಾರು, ಪಲ್ಯಕ್ಕೆ 304 ಧಾರಾಳ ಸಾಕು. ಕಡಿಮೆ ಬೆಲೆಯ ಪಾತ್ರೆಗಳಲ್ಲಿ 200ರ ಸರಣಿಯ ಸ್ಟೀಲ್ ಬರುತ್ತದೆ, ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿರುತ್ತಾರೆ. ಅದಕ್ಕೆ ಕಲೆ, ತುಕ್ಕು ಬೇಗ ಬರುತ್ತದೆ. ಅಂಗಡಿಯಲ್ಲಿ ಕೆಲವರು ಅಯಸ್ಕಾಂತ ಇಟ್ಟು ತೋರಿಸುತ್ತಾರೆ, ಅಂಟಲಿಲ್ಲ ನೋಡಿ ಒಳ್ಳೆ ಸ್ಟೀಲು ಅಂತ. ನಂಬಬೇಡ. 304 ಅಂಟುವುದಿಲ್ಲ, 200ರ ಸರಣಿಯದೂ ಅಂಟುವುದಿಲ್ಲ. ತಳದಲ್ಲಿ ಅಚ್ಚಾಗಿರುವುದನ್ನು ಓದು, ಐಎಸ್‌ಐ ಗುರುತು ನೋಡು. ಸ್ಟೀಲ್ ಪಾತ್ರೆಗೆ ಐಎಸ್ 14756 ಅನ್ನುವ ಮಾನದಂಡ ಇದೆ, 2024ರಲ್ಲಿ ಕೇಂದ್ರ ಸರ್ಕಾರ ಆ ಗುರುತನ್ನು ಕಡ್ಡಾಯ ಮಾಡಲು ಆದೇಶ ಹೊರಡಿಸಿತು. ಬಿಲ್ ಕೇಳಿ ತಗೋ.

ಇನ್ನೊಂದು. ತಳಕ್ಕೆ ಮಾತ್ರ ದಪ್ಪ ಬಿಲ್ಲೆ ಅಂಟಿಸಿದ ಪಾತ್ರೆಯನ್ನು ಸ್ಯಾಂಡ್‌ವಿಚ್ ಬಾಟಮ್ ಅನ್ನುತ್ತಾರೆ. ಪಾಯಸದ ಪಾತ್ರೆಗೆ ಅದು ಸಾಕು, ಬೆಲೆಯೂ ಕಡಿಮೆ. ಬಾಂಡ್ಲಿಗೆ ಬೇಡ, ಉರಿ ಬಿಲ್ಲೆಯಿಂದ ಆಚೆ ಹೋದರೆ ಪಕ್ಕದ ತೆಳು ಗೋಡೆಗೆ ಮಸಾಲೆ ಸೀಯುತ್ತದೆ. ಐದು ಪದರದ್ದೂ ಬೇಡ. ಭಾರ ಜಾಸ್ತಿ, ಮನೆಯ ಗ್ಯಾಸ್ ಒಲೆಯಲ್ಲಿ ಅಂಥ ವ್ಯತ್ಯಾಸ ಕಾಣುವುದಿಲ್ಲ. ಅಂಗಡಿಯಲ್ಲೇ ಒಂದು ಕೈಯಲ್ಲಿ ಎತ್ತಿ ಬಗ್ಗಿಸಿ ನೋಡು, ತುಂಬಿದಾಗ ಅದನ್ನೇ ಎತ್ತಬೇಕಲ್ಲ.

ತಂದ ಮೇಲೆ ಬಳಸುವ ರೀತಿ ಗೊತ್ತಿರಬೇಕು, ಇಲ್ಲದಿದ್ದರೆ ಮೊದಲ ವಾರವೇ ಎಲ್ಲ ಅಂಟುತ್ತೆ ಅಂತ ಮೂಲೆಗೆ ಇಟ್ಟುಬಿಡುತ್ತೀಯ. ನಾನ್‌ಸ್ಟಿಕ್ ಅಭ್ಯಾಸ ಆದವರಿಗೆ ಇಲ್ಲೇ ಎಡವಟ್ಟಾಗುವುದು. ಖಾಲಿ ಬಾಂಡ್ಲಿಯನ್ನು ಮಧ್ಯಮ ಉರಿಯಲ್ಲಿ ಬಿಸಿ ಮಾಡು. ಒಂದೆರಡು ಹನಿ ನೀರು ಚಿಮುಕಿಸು. ಚುಂಯ್ ಅಂತ ಆರಿಹೋದರೆ ಇನ್ನೂ ಬಿಸಿಯಾಗಿಲ್ಲ. ಹನಿ ಒಡೆಯದೆ ಮುತ್ತಿನ ಮಣಿಯಂತೆ ಉರುಳಾಡಿದರೆ ಸಾಕಷ್ಟು ಕಾದಿದೆ. ಆಗ ಉರಿ ಸ್ವಲ್ಪ ಇಳಿಸಿ, ನೀರು ಒರೆಸಿ, ಎಣ್ಣೆ ಹಾಕಿ ಒಂದು ಕ್ಷಣ ಬಿಟ್ಟು ಸಾಸಿವೆ ಹಾಕು. ಆಲೂಗಡ್ಡೆ ಮೊದಲು ಅಂಟಿದರೆ ಕೆರೆಯಬೇಡ. ಕೆಂಪಗಾದ ಮೇಲೆ ತಾನೇ ಬಿಡುತ್ತದೆ. ಪೂರ್ತಿ ಉರಿ ಇಟ್ಟು ಆಫೀಸಿಗೆ ಹೊತ್ತಾಯಿತು ಅಂತ ಓಡಾಡಿದರೆ ಯಾವ ಪಾತ್ರೆಯೂ ಕಾಪಾಡುವುದಿಲ್ಲ, ನಡುವಿನ ಪದರ ಬಿಸಿಯನ್ನು ಎಲ್ಲ ಕಡೆ ಹಂಚುವುದರಿಂದ ಸಣ್ಣ ಉರಿಯೇ ಸಾಕಾಗುತ್ತದೆ. ತಣ್ಣೀರಿಗೆ ಉಪ್ಪು ಹಾಕಿ ಹಾಗೇ ಬಿಡಬೇಡ, ನೀರು ಕುದಿದ ಮೇಲೆ ಹಾಕು, ಇಲ್ಲದಿದ್ದರೆ ತಳದಲ್ಲಿ ಸೂಜಿಮೊನೆಯಷ್ಟು ಗುಳಿ ಬೀಳುತ್ತವೆ, ಅವು ಹೋಗುವುದಿಲ್ಲ. ಕಾದ ಬಾಂಡ್ಲಿಯನ್ನು ನಲ್ಲಿ ಕೆಳಗೆ ಹಿಡಿಯಬೇಡ, ತಳ ಸೊಟ್ಟಗಾಗುತ್ತದೆ. ನೀಲಿ, ನೇರಳೆ ಬಣ್ಣ ಬಂದರೆ ಗಾಬರಿ ಬೇಡ, ಹುಣಸೆಹಣ್ಣು ಹಾಕಿ ಉಜ್ಜು, ಹೋಗುತ್ತದೆ.

ನಾನ್‌ಸ್ಟಿಕ್‌ನ ಲೇಪ ಕೆಲವೇ ವರ್ಷಕ್ಕೆ ಏಳುತ್ತದೆ, ಖಾಲಿ ಬಿಟ್ಟು ಜಾಸ್ತಿ ಕಾಯಿಸಿದರೆ ಕೆಡುತ್ತದೆ, ಮತ್ತೆ ಮತ್ತೆ ಕೊಳ್ಳಬೇಕು. ಟ್ರೈಪ್ಲೈ ಬಾಂಡ್ಲಿಯಲ್ಲಿ ಏಳುವುದಕ್ಕೆ ಲೇಪವೇ ಇಲ್ಲ. ಆ ಲೆಕ್ಕದಲ್ಲಿ ಮೂರು ಸಾವಿರ ದುಬಾರಿ ಅಲ್ಲ. ನಲವತ್ತೆಂಟು ಸಾವಿರ ಖಂಡಿತ ದುಬಾರಿ, ಅದರಲ್ಲೂ ನೀವು ಬಾಡಿಗೆ ಮನೆಯ ಅಡ್ವಾನ್ಸ್ ಈಗಷ್ಟೇ ಕಟ್ಟಿರುವಾಗ. ಆ ಕಂತಿನ ದುಡ್ಡನ್ನು ಬ್ಯಾಂಕಿನಲ್ಲಿ ಆರ್‌ಡಿಗೆ ಹಾಕು, ದಯವಿಟ್ಟು.

ಭಾನುವಾರ ಬೆಳಗಿನ ರೈಲಿಗೆ ಮೈಸೂರಿಗೆ ಬರುತ್ತೇನೆ. ದೇವರಾಜ ಮಾರುಕಟ್ಟೆ ಸುತ್ತಮುತ್ತಲ ಪಾತ್ರೆ ಅಂಗಡಿಗಳನ್ನು ಇಬ್ಬರೂ ಸೇರಿ ನೋಡೋಣ, ಭಾನುವಾರ ಯಾವುದು ತೆಗೆದಿರುತ್ತದೆ ಅಂತ ಮೊದಲೇ ವಿಚಾರಿಸಿಟ್ಟಿರು. ನಿಮ್ಮ ಒಲೆಯ ದೊಡ್ಡ ಬರ್ನರ್ ಎಷ್ಟು ಅಗಲ ಅಂತ ಅಳೆದುಕೊಂಡಿರು. ಅಲ್ಲಿಯವರೆಗೆ ಡೆಮೊದವರು ಫೋನ್ ಮಾಡಿದರೆ ಬೇಡ ಅಂತ ಹೇಳು, ಯಾವ ಕಾಗದಕ್ಕೂ ಸಹಿ ಹಾಕಬೇಡ.

ನಿನ್ನ ದೊಡ್ಡಮ್ಮ